ಕಾಫಿ ಹೊಟ್ಟಿನ ಚಿತ್ರ ಮಳೆಗಾಲ ದಾಟಿತು

‘ಹೊಟ್ಟು ಇಟ್ಟಿಗೆ ಗೂಡಿಗೆ ಸೈ, ಗೋಡೆಗಲ್ಲ’ ಎಂದು ನಕ್ಕಿದ್ದ ಗೆಳೆಯರಿಗೆ ಮೊದಲೇ ಹೇಳಿಬಿಡುತ್ತೇನೆ: ಮೂಡಿಗೆರೆಯ ನಮ್ಮ ಮನೆಯ ಗೋಡೆ ಮೇಲೆ, ಕಾಫಿ ಹೊಟ್ಟು ಅಂಟಿಸಿ ಮಾಡಿದ ಎರಡು ಚಿತ್ರಫಲಕ ಇಡೀ ಮಳೆಗಾಲ ಕಳೆದಿವೆ. ಒಂದು ಚುಕ್ಕೆ ಬೂಸ್ಟಿಲ್ಲ.

ಅಷ್ಟಕ್ಕೆ ಮೂರು ವರ್ಷ, ಹತ್ತಿರತ್ತಿರ 40 ಸಾವಿರ ಕೈಬಿಟ್ಟಿತು. ಮೊದಲ ವರ್ಷ ಪಲ್ಪರ್ ಮನೆಯ, ಅಂದರೆ ಕಾಫಿ ಹಣ್ಣು ಸುಲಿಯುವ ಮನೆಯ, ಹಸಿ ಸಿಪ್ಪೆಯನ್ನೇ ಒಣಗಿಸಿ ಕ್ಯಾನ್ವಾಸಿಗೆ ಅಂಟಿಸಿದ್ದೆ. ಅದರಲ್ಲಿ ಸಿಹಿ ಇರುತ್ತದೆ ಅನ್ನುವುದು ಇರುವೆಗೆ ಗೊತ್ತಿತ್ತು, ನನಗೆ ಹೊಳೆಯಲಿಲ್ಲ. ಆರಿದ್ರಾ ಮಳೆ ಹಿಡಿದ ವಾರಕ್ಕೆ ಕ್ಯಾನ್ವಾಸ್ ಜೋತುಬಿತ್ತು. ಎರಡನೇ ವರ್ಷ ಪಾರ್ಚ್‌ಮೆಂಟ್ ಹೊಟ್ಟು (ಬೀಜದ ಮೇಲಿನ ಒಣ ಪೊರೆ), ಪ್ಲೈವುಡ್, ಮೇಲೆ ದಪ್ಪಗೆ ರೆಸಿನ್. ರೆಸಿನ್ನಿಗೇ 9 ಸಾವಿರ. ಒಳಗಿನ ತೇವ ಒಳಗೇ ಉಳಿಯಿತು. ಚಿತ್ರಸಂತೆಯಲ್ಲಿ ಕೊಂಡವರು ಜುಲೈಯಲ್ಲಿ ಫೋನ್ ಮಾಡಿ, ‘ಸಾರ್, ನಿಮ್ಮ ಕಾಡು ಬೆಳೀತಾ ಇದೆ’ ಅಂದರು. 12 ಸಾವಿರ ವಾಪಸ್ ಕೊಟ್ಟೆ.

ತೋಟದಲ್ಲಿ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ಔಷಧಿ, ಕಲಸುತ್ತಿದ್ದ ಚಿಕ್ಕಪ್ಪ, ‘ಗಿಡಕ್ಕೆ ಹೊಡೀತೀವಿ, ನಿನ್ನ ಚಿತ್ರಕ್ಕೂ ಹೊಡಿ ಮಾರಾಯ’ ಅಂದರು. ತಮಾಷೆಗೆ ಅಂದದ್ದು, ನಾನು ಹೊಡೆದೇಬಿಟ್ಟೆ. ಚಿತ್ರವೆಲ್ಲ ನೀಲಿ ಸುಣ್ಣ ಬಳಿದ ಹಾಗಾಯಿತು. ಆದರೆ ಬೂಸ್ಟು ಅತ್ತ ಸುಳಿಯಲಿಲ್ಲ. ಹಾಗಾದರೆ ಮೈಲುತುತ್ತ ಮೇಲೆ ಬೇಡ, ಅಂಟಿನೊಳಗೇ ಇರಲಿ ಅಂದುಕೊಂಡೆ. ಅಂಗಡಿಯ ಬಿಳಿ ಅಂಟು ಬಿಟ್ಟು ಹುಣಸೆ ಬೀಜದ ಸರಿ (ಗಂಜಿಯಂಥ ಅಂಟು) ಕಾಯಿಸಿದೆ. ಅರ್ಧ ಲೀಟರಿಗೆ ಒಂದು ಚಿಕ್ಕ ಚಮಚದಷ್ಟು ಮೈಲುತುತ್ತ, ಬಿಸಿನೀರಲ್ಲಿ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ, ಅಡುಗೆ ಮನೆಯ ಪಾತ್ರೆಯಂತೂ ಬೇಡವೇ ಬೇಡ. ತಿಳಿ ಬಣ್ಣದ ಕೆಳಗೆ ಹಸಿರುಛಾಯೆ ಇಣುಕುತ್ತದೆ. ಅದನ್ನು ಹೇಗೆ ಅಡಗಿಸಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪ್ಲೈವುಡ್ಡಿನ ಹಿಂಬದಿಗೂ ಅದೇ ಸರಿ ಬಳಿಯಬೇಕು, ಇಲ್ಲದಿದ್ದರೆ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಹದಿನೈದು ದಿನ. ಹೊಗೆಗೆ ಬಣ್ಣ ಒಂದಿಷ್ಟು ಮಂಕಾಗುತ್ತದೆ. ನನಗೆ ಅದೇ ಇಷ್ಟ. ಮನೆಯಾಕೆಗೆ ಮಾತ್ರ ಅಟ್ಟದಲ್ಲಿ ಹಪ್ಪಳದ ಡಬ್ಬಕ್ಕೆ ಜಾಗವಿಲ್ಲ ಎಂಬ ತಕರಾರು.

ನಡುವೆ ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕಂದು ನೀರಿನ, ಹುಚ್ಚೂ ಹತ್ತಿತ್ತು. ಬಟ್ಟೆಗೆ ಬಿದ್ದರೆ ಹೋಗದ ಕಲೆ, ಕಾಗದದ ಮೇಲೆ ಯಾಕೆ ನಿಲ್ಲಬಾರದು? ನಿಂತಿತು. ಹಳೇ ಕಬ್ಬಿಣದ ಲಾಳವನ್ನು ಬೆಲ್ಲದ ನೀರಲ್ಲಿ ಮೂರು ವಾರ ಕೊಳೆಹಾಕಿ ಆ ನೀರನ್ನು ಚೊಗರಿನ ಮೇಲೆ ಎಳೆದರೆ ಕಂದು ಕಣ್ಣೆದುರೇ ಕಪ್ಪಾಗುತ್ತದೆ. ಮಳೆಗಾಲದ ಮರದ ಕಾಂಡಕ್ಕೆ ಇಂಥ ಕಪ್ಪು ಟ್ಯೂಬಿನಲ್ಲಿ ಸಿಗುವುದಿಲ್ಲ. ಬರೀ ಕಾಫಿ ಡಿಕಾಕ್ಷನ್ನಿನ ಬಣ್ಣ ಮಾತ್ರ ಕಿಟಕಿ ಪಕ್ಕ ಒಂದು ಬೇಸಿಗೆಗೇ ಮಾಸಿತು.

ಈಗ ಒಂದು ಫಲಕಕ್ಕೆ ಖರ್ಚು 2,500ರ ಆಸುಪಾಸು, ಕೇಳುವುದು 18 ಸಾವಿರ. ಹೊಟ್ಟು ಬಿಟ್ಟಿ ಕೊಡುತ್ತಿದ್ದವರೇ, ಚಿತ್ರ ಮಾರಾಟವಾಯಿತೆಂದು ತಿಳಿದ ಮೇಲೆ, ಚೀಲಕ್ಕೆ 50 ರೂಪಾಯಿ ಕೇಳುತ್ತಿದ್ದಾರೆ.