ಬೇಸಿಗೆ ರಜೆಗೆ ಹೈಸ್ಕೂಲ್ ಮಕ್ಕಳಿಗೆ ಕಾದಂಬರಿ, ಮಾಂಗಾ ಆರಿಸಿ ಕೊಡೋದು ಹೇಗೆ: ಕಾಸರಗೋಡಿನವರಿಗೆ

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿದು ಶಾಲೆ ಬಾಗಿಲು ಹಾಕಿದ್ರೆ ಮತ್ತೆ ತೆರೆಯೋದು ಜೂನಿಗೆ. ಈ ಎರಡು ತಿಂಗಳಲ್ಲಿ ಊರಿನ ಲೈಬ್ರರಿಗೆ ಬರುವ ಅಪ್ಪ ಅಮ್ಮಂದಿರು ಕೇಳೋದು ಹೆಚ್ಚಾಗಿ ಒಂದೇ, "ಒಂಬತ್ತನೇ ಕ್ಲಾಸಿನವಳಿಗೆ ಓದ್ಲಿಕ್ಕೆ ಎಂತ ಕೊಡ್ಬಹುದು?" ನಾನಂತೂ ಕ್ಲಾಸ್ ನೋಡಿ ಪುಸ್ತಕ ಹೇಳೋದಿಲ್ಲ. ಯಾಕೆ ಹೇಳಿದ್ರೆ ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳಿಗೆ ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಅಂಗಡಿಯಲ್ಲಿ ಮಲಯಾಳ, ಮೊಬೈಲಲ್ಲಿ ಇಂಗ್ಲಿಷ್. ಹದಿನಾಲ್ಕು ವರ್ಷದ ಹುಡುಗನಿಗೆ ಬೇಕಾದ್ದು ಹದಿನಾಲ್ಕು ವರ್ಷದವರ ಕಥೆಯೇ, ಆದ್ರೆ ಅವ ಕನ್ನಡ ಓದುವ ವೇಗ ಬೇರೆ, ಇಂಗ್ಲಿಷ್ ಓದುವ ವೇಗ ಬೇರೆ. ಇಂಗ್ಲಿಷ್ ನಿಧಾನ ಅಂತ ಅವನಿಗೆ ಪುಟ್ಟ ಮಕ್ಕಳ ಮೊಲ-ಆಮೆ ಪುಸ್ತಕ ಕೊಟ್ರೆ ಅವನಿಗೆ ಅವಮಾನ ಆಗ್ತದೆ, ಮತ್ತೆ ಪುಸ್ತಕದ ಕಡೆ ತಿರುಗಿಯೂ ನೋಡೋದಿಲ್ಲ.

ಹಾಗಾಗಿ ಮೊದಲು ಎರಡು ವಿಷಯ ಬೇರೆ ಬೇರೆ ಮಾಡಿಕೊಳ್ಳಿ. ಕಥೆ ಎಷ್ಟು ದೊಡ್ಡವರಿಗೆ ಇರಬೇಕು ಅನ್ನೋದು ಒಂದು, ಭಾಷೆ ಎಷ್ಟು ಸಲೀಸಾಗಿರಬೇಕು ಅನ್ನೋದು ಇನ್ನೊಂದು. ಮೊದಲನೇದಕ್ಕೆ ಮಗುವಿನ ಹತ್ರ ಮಾತಾಡಿ, "ನಿಂಗೆ ಯಾವ ಪುಸ್ತಕ ಇಷ್ಟ" ಅಂತ ಕೇಳ್ಬೇಡಿ, ಓದದವರಿಗೆ ಅದಕ್ಕೆ ಉತ್ತರ ಇರೋದಿಲ್ಲ. ಈಗ ಯಾವ ಸೀರೀಸ್ ನೋಡ್ತಾ ಇದ್ದೀ, ಯಾವ ಆಟ ಆಡ್ತೀ, ಯಾವ ಸಿನೆಮಾ ಎರಡನೇ ಸಲ ನೋಡಿದ್ದೀ ಅಂತ ಕೇಳಿ, ಬೇಕಾದ್ದೆಲ್ಲ ಅದರಲ್ಲೇ ಸಿಗ್ತದೆ. ಎರಡನೇದಕ್ಕೆ ಪುಸ್ತಕದ ಮಧ್ಯದ ಯಾವುದಾದ್ರೂ ಒಂದು ಪುಟ ಅವರೇ ಮನಸ್ಸಲ್ಲಿ ಓದ್ಲಿ, ಅರ್ಥವಾಗದ ಶಬ್ದಕ್ಕೆ ಒಂದೊಂದು ಬೆರಳು ಮಡಿಸ್ಲಿ. ಒಂದು ಕೈಯ ಬೆರಳೆಲ್ಲ ಮುಗಿದ್ರೆ ಆ ಪುಸ್ತಕ ಈ ರಜೆಗೆ ಬೇಡ, ಅಷ್ಟೆ. ಗಟ್ಟಿಯಾಗಿ ಓದಿಸ್ಬೇಡಿ, ಹೈಸ್ಕೂಲಿನವರಿಗೆ ನಾಚಿಕೆ ಜಾಸ್ತಿ.

ಈಗ ಕನ್ನಡದ್ದು. ಕನ್ನಡದಲ್ಲಿ ಟೀನೇಜಿನವರಿಗೆ ಅಂತ ಬೇರೆ ಕಪಾಟು ಇಡುವ ಅಭ್ಯಾಸ ನಮ್ಮಲ್ಲಿ ಕಡಿಮೆ, ಮಕ್ಕಳ ಸಾಹಿತ್ಯ ಮುಗಿದ ಕೂಡ್ಲೆ ಸೀದಾ ದೊಡ್ಡವರ ಕಾದಂಬರಿಗೆ ಹಾರ್ಬೇಕು. ಆ ಹಾರುವ ಜಾಗದಲ್ಲಿ ನಾನು ಯಾವತ್ತೂ ಇಡೋದು ಪೂರ್ಣಚಂದ್ರ ತೇಜಸ್ವಿಯವರನ್ನು. ಸಣ್ಣ ಸಣ್ಣ ಅಧ್ಯಾಯ ಬೇಕಾದವರಿಗೆ 'ಪರಿಸರದ ಕತೆ', ಒಂದು ಕೂತಲ್ಲಿ ಒಂದು ಕಥೆ ಮುಗೀತದೆ, ನಾಯಿ, ಹಕ್ಕಿ, ಬೇಟೆ, ತೋಟ, ಎಲ್ಲ ನಮ್ಮ ಮಕ್ಕಳು ಕಣ್ಣಲ್ಲಿ ಕಂಡದ್ದೇ. ಅದು ಹಿಡಿಸಿದ್ರೆ 'ಕರ್ವಾಲೊ', ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಹಳ್ಳಿಯ ಮಂದಣ್ಣ ಎಲ್ಲ ಸೇರಿ ಹಾರುವ ಓತಿ ಹುಡುಕ್ಲಿಕ್ಕೆ ಕಾಡಿಗೆ ಹೋಗುವ ಕಥೆ, 1980ರದ್ದು, ಇವತ್ತಿಗೂ ಒಂದು ಚೂರೂ ಹಳತಾಗ್ಲಿಲ್ಲ. ಓತಿಯ ಫೋಟೋ ತೋರಿಸಿ ಕಥೆ ಮೊದಲೇ ಹೇಳ್ಬೇಡಿ, ಮಗು ಸ್ವತಃ ಕೊನೆಯ ಪುಟದ ವರೆಗೆ ಆ ಕುತೂಹಲ ಎಳ್ಕೊಂಡು ಹೋಗ್ಲಿ. ಥ್ರಿಲ್ಲರ್ ಬೇಕು ಹೇಳುವವರಿಗೆ 'ಜುಗಾರಿ ಕ್ರಾಸ್'. ಏಲಕ್ಕಿ ಮಾರ್ಲಿಕ್ಕೆ ಹೋದ ಗಂಡ ಹೆಂಡತಿ ಎಂತೆಂತದ್ರಲ್ಲೋ ಸಿಕ್ಕಿ ಬೀಳ್ತಾರೆ, ರಾತ್ರಿ ಲೈಟ್ ಆರಿಸ್ಲಿಕ್ಕೆ ಬಿಡುವ ಪುಸ್ತಕ ಅಲ್ಲ ಅದು.

ಏಳು, ಎಂಟನೇ ಕ್ಲಾಸಿನ ಆಸುಪಾಸಿನವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದ ಕನ್ನಡ ಕಾದಂಬರಿಗಳನ್ನು ಹುಡುಕಿ. ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ, ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' 2021ರಲ್ಲಿ, ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' 2022ರಲ್ಲಿ, ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' 2023ರಲ್ಲಿ ಈ ಪುರಸ್ಕಾರ ಪಡೆದವು. ಲೈಬ್ರರಿಯವರಿಗೆ ಹೊಸ ಪುಸ್ತಕದ ಲಿಸ್ಟ್ ಕೊಡುವಾಗ ಈ ಹೆಸರು ಬರೆದು ಕೊಟ್ರೆ ಸಾಕು.

ನಮ್ಮ ಊರಿನದ್ದೇ ಬೇಕು ಅಂದ್ರೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಉಂಟಲ್ಲ. ಕಾಸರಗೋಡಿನಲ್ಲೇ ಹುಟ್ಟಿದವರು, ನಾವು ದಿನಾ ದಾಟುವ ಹೊಳೆಯೇ ಪುಸ್ತಕದ ಹೆಸರಲ್ಲಿ. ಆದ್ರೆ ಇದನ್ನು ನಾನು ಹದಿನಾರು ದಾಟಿದವರಿಗೆ ಮಾತ್ರ ಕೊಡೋದು, ತಲಾಖಿನಿಂದಾಗಿ ನಾದಿರಾಳ ಬದುಕು ಎಲ್ಲಿಗೆ ಹೋಗಿ ಮುಟ್ತದೆ ಅನ್ನೋದು ತುಂಬ ಭಾರದ ವಿಷಯ, ಕೊನೆ ಓದಿದ ಮೇಲೆ ಮಗುವಿನ ಹತ್ರ ಕೂತು ಮಾತಾಡುವವರು ಒಬ್ಬರು ಮನೆಯಲ್ಲಿ ಇರ್ಬೇಕು. ಅಂಬಿಕಾಸುತನ್ ಮಾಂಙಾಡ್ ಮಲಯಾಳದಲ್ಲಿ ಬರೆದ 'ಎನ್ಮಕಜೆ'ಯೂ ಹಾಗೆಯೇ, ಎಂಡೋಸಲ್ಫಾನಿನ ಕಥೆ, ಇಂಗ್ಲಿಷಲ್ಲಿ 'ಸ್ವರ್ಗ' ಅನ್ನುವ ಹೆಸರಲ್ಲಿ ಬಂದಿದೆ. ಪ್ಲಸ್ ಟೂ ಮಕ್ಕಳಿಗೆ, ಅದೂ ನೀವು ಮೊದಲು ಓದಿ ಆದ ಮೇಲೆ.

ಇಂಗ್ಲಿಷ್ ಕಾದಂಬರಿ ಬೇಕಾದವರಿಗೆ ಬೇಗ ಬೇಗ ಹೇಳ್ತೇನೆ. ಪುರಾಣ ಇಷ್ಟಪಡುವವರಿಗೆ ಪರ್ಸಿ ಜಾಕ್ಸನ್ ಸೀರೀಸ್, 2005ರಲ್ಲಿ ಶುರುವಾದ್ದು, ಕಥೆ ಹೇಳುವ ಹುಡುಗನಿಗೇ ಡಿಸ್ಲೆಕ್ಸಿಯಾ, ಓದ್ಲಿಕ್ಕೆ ಕಷ್ಟಪಡುವ ಮಕ್ಕಳಿಗೆ ಅದು ಎಷ್ಟು ಧೈರ್ಯ ಕೊಡ್ತದೆ ಅಂತ ನೀವೇ ನೋಡಿ. ನಿಧಾನದ, ಗೆಳೆತನದ ಕಥೆ ಬೇಕಾದ್ರೆ ರಸ್ಕಿನ್ ಬಾಂಡ್ ತನ್ನ ಹದಿನೇಳನೇ ವಯಸ್ಸಲ್ಲಿ ಬರೆದ 'ದಿ ರೂಮ್ ಆನ್ ದ ರೂಫ್'. 'ಹಂಗರ್ ಗೇಮ್ಸ್' ಹದಿಮೂರರ ಮೇಲಿನವರಿಗೆ ಆಗ್ತದೆ, ಮಕ್ಕಳು ಮಕ್ಕಳನ್ನೇ ಕೊಲ್ಬೇಕಾದ ಆಟ ಅದರಲ್ಲಿ ಇರೋದು, ಅದು ಗೊತ್ತಿದ್ದೇ ಕೊಡಿ.

ಮಾಂಗಾ, ಅಂದ್ರೆ ಜಪಾನಿನ ಚಿತ್ರಕಥೆ ಪುಸ್ತಕದ ವಿಷಯ ಸ್ವಲ್ಪ ಉದ್ದಕ್ಕೆ ಬರೀತೇನೆ, ಯಾಕೆ ಹೇಳಿದ್ರೆ ಇಲ್ಲೇ ದೊಡ್ಡವರು ಜಾಸ್ತಿ ಹೆದರೋದು. "ಅದು ಬರೇ ಚಿತ್ರ, ಓದು ಅಲ್ಲ" ಅಂತ ಹೇಳ್ತಾರೆ. ಇಂಗ್ಲಿಷ್ ನಿಧಾನ ಇರುವ ಕನ್ನಡ ಮೀಡಿಯಂ ಮಗುವಿಗೆ ಮಾಂಗಾದಷ್ಟು ಒಳ್ಳೆ ಮೆಟ್ಟಿಲು ನನಗೆ ಬೇರೆ ಕಾಣ್ಲಿಲ್ಲ, ಮಾತು ಸಣ್ಣ ಸಣ್ಣದು, ಯಾರು ಸಿಟ್ಟಲ್ಲಿ ಹೇಳಿದ್ದು ಯಾರು ಅಳ್ತಾ ಹೇಳಿದ್ದು ಅಂತ ಮುಖದಲ್ಲೇ ಗೊತ್ತಾಗ್ತದೆ, ಗೊತ್ತಿಲ್ಲದ ಶಬ್ದದ ಅರ್ಥ ಡಿಕ್ಷನರಿ ಇಲ್ಲದೆ ಊಹಿಸ್ಬಹುದು, ಆದ್ರೂ ಕಥೆ ಅವರ ವಯಸ್ಸಿನದ್ದೇ. ಪುಸ್ತಕ ನಮಗೆ ಹಿಂದಿನ ರಟ್ಟು ಅಂತ ಕಾಣುವ ಕಡೆಯಿಂದ ಶುರು, ಪುಟದಲ್ಲಿ ಬಲದ ಮೇಲಿನ ಮೂಲೆಯಿಂದ ಎಡದ ಕೆಳಗಿನ ಮೂಲೆಗೆ ಓದ್ಬೇಕು. ಮದರಸದಲ್ಲಿ ಅರಬಿ ಓದುವ ಮಕ್ಕಳಿಗೆ ಈ ತಿರುಗಿಸೋದು ಹೊಸತೇ ಅಲ್ಲ, ಉಳಿದವರಿಗೆ ಮೊದಲ ನಾಲ್ಕು ಪುಟ ಜೊತೆಗೆ ಕೂತು ತೋರಿಸಿ.

ರೇಟಿಂಗ್ ನೋಡೋದನ್ನು ಮಾತ್ರ ಬಿಡ್ಬೇಡಿ. ವಿಜ್ ಅನ್ನುವ ಪ್ರಕಾಶನದ ಪುಸ್ತಕದಲ್ಲಿ ಎಲ್ಲಾ ವಯಸ್ಸು, ಟೀನ್, ಟೀನ್ ಪ್ಲಸ್, ಮೆಚೂರ್ ಅಂತ ಗುರುತು ಇರ್ತದೆ, ಟೀನ್ ಪ್ಲಸ್ ಅಂದ್ರೆ ದೊಡ್ಡ ಟೀನೇಜಿನವರಿಗೆ. ಶೋನೆನ್ (ಹುಡುಗರದ್ದು), ಶೋಜೊ (ಹುಡುಗಿಯರದ್ದು), ಸೇನೆನ್ (ದೊಡ್ಡ ಗಂಡಸರದ್ದು) ಅಂತ ಹೇಳೋದು ವಯಸ್ಸಿನ ರೇಟಿಂಗ್ ಅಲ್ಲ, ಅದು ಜಪಾನಲ್ಲಿ ಯಾವ ಓದುಗರ ಪತ್ರಿಕೆಯಲ್ಲಿ ಬಂತು ಅನ್ನುವ ಲೆಕ್ಕ. 'ಅಟ್ಯಾಕ್ ಆನ್ ಟೈಟನ್' ಶೋನೆನ್ ಪತ್ರಿಕೆಯಲ್ಲೇ ಬಂದದ್ದು, ಆದ್ರೆ ಅದರ ರಕ್ತಪಾತ ಏಳನೇ ಕ್ಲಾಸಿಗೆ ಖಂಡಿತ ಅಲ್ಲ. 'ಡೆತ್ ನೋಟ್' ಬರೇ 12 ಸಂಪುಟ, ಎಲ್ಲರೂ ಕೇಳುವಂಥದ್ದು, ಟೀನ್ ಪ್ಲಸ್ ಅದು, ಹದಿನಾರಕ್ಕೆ ಕೊಡಿ.

ಯಾರಿಗೆ ಯಾವುದು? ಸಂಜೆಯಾದ್ರೆ ವಾಲಿಬಾಲ್ ನೆಟ್ ಕಟ್ಟುವ ಹುಡುಗ ಹುಡುಗಿಯರಿಗೆ ಕಣ್ಣು ಮುಚ್ಚಿ 'ಹೈಕ್ಯೂ' ಕೊಡಿ, ಕುಳ್ಳ ಹುಡುಗ ಹಿನಾಟ ಎತ್ತರಕ್ಕೆ ಹಾರುವ ಕಥೆ, ಒಟ್ಟು 45 ಸಂಪುಟ, ಸೋತ ಟೀಮಿನವರ ದುಃಖವನ್ನೂ ಅಷ್ಟೇ ಪ್ರೀತಿಯಿಂದ ಬರ್ದಿದ್ದಾರೆ. ತೋಟದ ಮನೆಯ ಮಕ್ಕಳಿಗೆ ನನ್ನ ಮೊದಲ ಆಯ್ಕೆ ಹಿರೋಮು ಅರಕಾವಾ ಅವರ 'ಸಿಲ್ವರ್ ಸ್ಪೂನ್'. ಪೇಟೆಯ ಹುಡುಗ ಹೊಕ್ಕೈಡೋದ ಕೃಷಿ ಶಾಲೆಗೆ ಸೇರ್ತಾನೆ, ದನ ಕರೆಯೋದರಿಂದ ಹಿಡಿದು ಎಲ್ಲ ಕಲೀತಾನೆ, ಬರೆದವರೇ ಅಲ್ಲಿಯ ಹೈನುಗಾರಿಕೆ ಮನೆಯಲ್ಲಿ ಬೆಳೆದವರು. ಅಡಿಕೆ ಸುಲಿದು, ಗೇರುಬೀಜ ಹೆಕ್ಕಿ ರಜೆ ಕಳೆಯುವ ನಮ್ಮ ಮಕ್ಕಳಿಗೆ ಕೃಷಿಯ ಸಾಲ, ದುಡಿಮೆ, ಹೆಮ್ಮೆ ಇದೆಲ್ಲ ಇನ್ನೊಂದು ದೇಶದ ಕಥೆಯಲ್ಲಿ ಕಂಡ್ರೆ ಆಗುವ ಖುಷಿಯೇ ಬೇರೆ. ಹುಡುಗ ಪ್ರೀತಿಯಿಂದ ಸಾಕಿದ ಹಂದಿಮರಿಯನ್ನು ಕೊನೆಗೆ ಮಾಂಸಕ್ಕೆ ಕೊಡುವ ಭಾಗ ಉಂಟು, ಮನೆಯಲ್ಲಿ ಕಷ್ಟ ಆಗುವವರಿದ್ರೆ ಮೊದಲೇ ಹೇಳಿಡಿ. ಅವರದ್ದೇ 'ಫುಲ್ ಮೆಟಲ್ ಆಲ್ಕೆಮಿಸ್ಟ್' 27 ಸಂಪುಟಕ್ಕೆ ಚಂದ ಮಾಡಿ ಮುಗೀತದೆ, ಅರ್ಧಕ್ಕೆ ನಿಲ್ಲುವ ಹೆದರಿಕೆ ಇಲ್ಲ.

ಯಕ್ಷಗಾನದ ಹುಚ್ಚು ಇರುವ ಮಕ್ಕಳಿಗೆ 'ಒನ್ ಪೀಸ್'. ಒಬ್ಬೊಬ್ಬ ಪಾತ್ರ ಬರುವಾಗ ಒಡ್ಡೋಲಗದ ಹಾಗೆ ಗತ್ತಲ್ಲಿ ಪ್ರವೇಶ, ಮತ್ತೆ ಮಾತು, ಮತ್ತೆ ಯುದ್ಧ, ಪಾರ್ತಿಸುಬ್ಬನ ಊರಿನವರಿಗೆ ಈ ಲಯ ಕಲಿಸ್ಲಿಕ್ಕೆ ಬೇಡ. 1997ರಲ್ಲಿ ಶುರುವಾಗಿ ನೂರಕ್ಕೂ ಹೆಚ್ಚು ಸಂಪುಟ ಆಗಿದೆ, ಹಾಗಾಗಿ ಎಲ್ಲ ತೆಗೆದುಕೊಡ್ತೇನೆ ಅಂತ ಮಾತು ಕೊಡ್ಬೇಡಿ.

ಶಾಲೆಯಲ್ಲಿ ಕೀಟಲೆ ಅನುಭವಿಸಿದವರಿಗೆ, ಅಥವಾ ಕೀಟಲೆ ಮಾಡಿದವರಿಗೂ, 'ಎ ಸೈಲೆಂಟ್ ವಾಯ್ಸ್', ಏಳೇ ಸಂಪುಟ, ಕಿವಿ ಕೇಳದ ಹುಡುಗಿಯನ್ನು ಹಿಂಸಿಸಿದ ಹುಡುಗ ವರ್ಷಗಳ ಮೇಲೆ ಅವಳನ್ನು ಹುಡುಕಿಕೊಂಡು ಹೋಗ್ತಾನೆ. ಆತ್ಮಹತ್ಯೆಯ ಪ್ರಯತ್ನ ಇದೆ ಅದರಲ್ಲಿ, ಮನಸ್ಸು ಕುಗ್ಗಿದ ಮಗುವಿಗೆ ಒಬ್ಬರೇ ಓದ್ಲಿಕ್ಕೆ ಕೊಟ್ಟು ಸುಮ್ಮನಿರ್ಬೇಡಿ. ಚರಿತ್ರೆ ಇಷ್ಟ ಇರುವ ಸ್ವಲ್ಪ ದೊಡ್ಡವರಿಗೆ 'ಬೇರ್‌ಫೂಟ್ ಗೆನ್'. ಅದನ್ನು ಬರೆದ ಕೇಜಿ ನಕಜಾವಾ 1945ರ ಆಗಸ್ಟ್ 6ಕ್ಕೆ ಹಿರೋಶಿಮಾದಲ್ಲಿ ಆರು ವರ್ಷದ ಮಗು, ಪಠ್ಯದ ಎರಡು ಸಾಲಲ್ಲಿ ಮುಗಿಯುವ ಬಾಂಬು ಒಂದು ಮನೆಗೆ ಎಂತ ಮಾಡಿತು ಅಂತ ಅದರಲ್ಲಿ ಗೊತ್ತಾಗ್ತದೆ.

ಸಿಗೋದು ಎಲ್ಲಿ? ಕನ್ನಡದ್ದಕ್ಕೆ ಮೊದಲು ಊರಿನ ಗ್ರಂಥಾಲಯ, ಕೇರಳದಲ್ಲಿ ಲೈಬ್ರರಿ ಕೌನ್ಸಿಲಿಗೆ ಸೇರಿದ ವಾಚನಾಲಯ ಹಳ್ಳಿ ಹಳ್ಳಿಯಲ್ಲಿ ಉಂಟು, ನಮ್ಮ ಕಡೆ ಕನ್ನಡ ಕಪಾಟು ಇರುವಂಥದ್ದನ್ನು ನೋಡಿ ಸದಸ್ಯತ್ವ ಮಾಡಿಸಿ. ಇಲ್ಲದ್ದಕ್ಕೆ ಮಂಗಳೂರಿನ ಪುಸ್ತಕದ ಅಂಗಡಿ, ಆಸ್ಪತ್ರೆಗೋ ಮದುವೆ ಜವಳಿಗೋ ಹೋದಾಗ ಅರ್ಧ ಗಂಟೆ ಮಗುವನ್ನು ಅಲ್ಲಿ ಬಿಟ್ಟುಬಿಡಿ, ಸ್ವತಃ ಆರಿಸ್ಲಿ. ಮಾಂಗಾ ಸಂಪುಟ ಒಂದೊಂದಾಗಿ ಕೊಂಡ್ರೆ ಖರ್ಚು ಬೀಳ್ತದೆ, ಹಾಗಾಗಿ ನಾಲ್ಕೈದು ಮನೆಯವರು ಸೇರಿ ಒಬ್ಬೊಬ್ಬರು ಒಂದೊಂದು ಸಂಪುಟ ತಗೊಂಡು ಬದಲಾಯಿಸಿಕೊಳ್ಳಿ. ಮೊಬೈಲಲ್ಲಿ ಓದೋದಾದ್ರೆ ಜಪಾನಿನ ಶುಯೇಶಾ ಪ್ರಕಾಶನದವರದ್ದೇ ಮಾಂಗಾ ಪ್ಲಸ್ ಆ್ಯಪ್ 2019ರಿಂದ ಉಂಟು, ಅಲ್ಲಿ ಹೆಚ್ಚಿನ ಕಥೆಗಳ ಮೊದಲ ಕೆಲವು, ಕೊನೆಯ ಕೆಲವು ಅಧ್ಯಾಯ ಇಂಗ್ಲಿಷಲ್ಲಿ ಉಚಿತ, ಹಿಡಿಸ್ತದಾ ಇಲ್ವಾ ನೋಡ್ಲಿಕ್ಕೆ ಅಷ್ಟು ಸಾಕು. ಕದ್ದು ಹಾಕುವ ಸೈಟುಗಳಿಗೆ ಬಿಡ್ಬೇಡಿ, ಅಲ್ಲಿ ವಯಸ್ಸಿನ ಗುರುತು ಇಲ್ಲ, ಪಕ್ಕದಲ್ಲಿ ಬರುವ ಜಾಹೀರಾತು ಮಕ್ಕಳು ನೋಡುವಂಥದ್ದಲ್ಲ, ಮತ್ತೆ ಕಷ್ಟಪಟ್ಟು ಬರೆದವರಿಗೆ ಒಂದು ಪೈಸೆ ಹೋಗೋದಿಲ್ಲ.

ಕೊಡುವಾಗ ಒಂದೇ ಪುಸ್ತಕ ಕೊಡ್ಬೇಡಿ, ಮೂರು ಕೊಡಿ, ಒಂದು ಕನ್ನಡ, ಒಂದು ಮಾಂಗಾ, ಇನ್ನೊಂದು ಅವರು ಕೇಳಿದ್ದು. ಬೇಡ ಅನ್ನಿಸಿದ್ದನ್ನು ಅರ್ಧಕ್ಕೆ ಬಿಡ್ಲಿಕ್ಕೆ ಮೊದಲೇ ಪರ್ಮಿಷನ್ ಕೊಡಿ. ಓದಿ ಆದ ಮೇಲೆ ಸಾರಾಂಶ ಬರೆಸೋದು, ನೀತಿ ಎಂತದು ಅಂತ ಕೇಳೋದು ಬೇಡವೇ ಬೇಡ. ಬದಲಿಗೆ "ಆ ಮಂದಣ್ಣ ನಿಂಗೆ ಎಂತ ಅನ್ನಿಸಿದ" ಅಂತ ಊಟಕ್ಕೆ ಕೂತಾಗ ಕೇಳಿ, ಅದಕ್ಕೆ ನೀವೂ ಓದಿರ್ಬೇಕು ಅನ್ನೋದು ನಿಜ.

ಟೀಚರುಗಳು ಇದನ್ನು ಓದ್ತಾ ಇದ್ರೆ ಒಂದು ಕೋರಿಕೆ. ಶಾಲೆ ಶುರುವಾಗಿ ಮೂರು ವಾರದೊಳಗೆ ಜೂನ್ 19, ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ನೆನಪಿನ ವಾಚನ ದಿನ ಬರ್ತದೆ, ಮಕ್ಕಳ ಹತ್ರ ಓದಿದ ಪುಸ್ತಕದ ಬಗ್ಗೆ ಟಿಪ್ಪಣಿ ಬರೆಸ್ತೀರಿ. ಆವಾಗ ಯಾವುದಾದ್ರೂ ಮಗು 'ಹೈಕ್ಯೂ' ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆದು ತಂದ್ರೆ ದಯವಿಟ್ಟು ಅದನ್ನೂ ಅಸೆಂಬ್ಲಿಯಲ್ಲಿ ಓದಿಸಿ.