ಜ್ವರದ ಹಾಳೆ

ರಾತ್ರಿ 2 ಗಂಟೆ 20 ನಿಮಿಷ. ಮಗಳಿಗೆ ಜ್ವರದ ಸಿರಪ್ ಕುಡಿಸಿ ಬಾಟಲಿಯ ಮುಚ್ಚಳ ತಿರುವುತ್ತಿದ್ದೆ. ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

“ಏನ್ರೀ ಮಾಡ್ತಿದೀರಿ? ಒಂದೂವರೆಗೆ ನಾನು ಕುಡಿಸೇ ಮಲಗಿದ್ದಲ್ವಾ?”

ಇಬ್ಬರಿಗೂ ನಿದ್ದೆ ಹಾರಿಹೋಯಿತು. ಮಗಳಿಗೆ ಆಗ 14 ತಿಂಗಳು. ಜ್ವರದ ಎರಡನೇ ರಾತ್ರಿ, ಕಂಕುಳಲ್ಲಿ 103.4 ಡಿಗ್ರಿ. ಐವತ್ತು ನಿಮಿಷದೊಳಗೆ ಎರಡು ಸಲ ಔಷಧಿ ಹೊಟ್ಟೆಗೆ ಹೋಗಿತ್ತು. ಗಾಬರಿಯಲ್ಲಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ಮಗುವಿನ ತೂಕ ಎಷ್ಟು, ಒಟ್ಟು ಎಷ್ಟು ಮಿಲಿಗ್ರಾಂ ಹೋಗಿದೆ ಎಂದು ಕೇಳಿದರು. ತೂಕ ಹತ್ತು ಕೆಜಿ ಇರಬಹುದು ಎಂದೆ. ಮಿಲಿಗ್ರಾಂ ಯಾರಿಗೆ ಗೊತ್ತು? ನಮ್ಮ ಲೆಕ್ಕವೆಲ್ಲ ‘ಒಂದು ಅಳತೆ’ಯಲ್ಲಿತ್ತು. ಮೊಬೈಲ್ ಟಾರ್ಚ್ ಹಿಡಿದು ಬಾಟಲಿಯ ಸಣ್ಣಕ್ಷರ ಓದಿದೆ: ಪ್ಯಾರಾಸಿಟಮಾಲ್, 5 ಮಿ.ಲೀ.ಗೆ 125 ಮಿಲಿಗ್ರಾಂ. ಎರಡು ಸಲ ಸೇರಿ 250.

“ಈ ಸಲ ಅಪಾಯ ಇಲ್ಲ. ಇನ್ನು ಬೆಳಗಿನ ತನಕ ಕೊಡಬೇಡಿ. ಮೊದಲು ಒಂದು ಹಾಳೆ ತಗೊಂಡು ಬರೆದಿಡೋದು ಕಲೀರಿ,” ಎಂದರು.

ಆ ರಾತ್ರಿಯೇ ಹಳೇ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಗಂಟೆ, ಡಿಗ್ರಿ, ಔಷಧಿ ಎಷ್ಟು ಮಿ.ಲೀ. ಮತ್ತು ಕೊಟ್ಟವರು ಯಾರು, ಕುಡಿದದ್ದೇನು, ಮೂತ್ರ ಹೋಯಿತೇ, ಮಗು ಹೇಗಿದೆ. ಹಾಳೆಯ ನೆತ್ತಿಯಲ್ಲಿ ಮಗಳ ತೂಕ. ಈಗ ಇಬ್ಬರು ಮಕ್ಕಳು, ಏಳು ವರ್ಷ, ಜ್ವರಗಳ ಲೆಕ್ಕವಿಲ್ಲ. ಹಾಳೆಯ ಪದ್ಧತಿ ಮಾತ್ರ ಬಿಟ್ಟಿಲ್ಲ. ನಿದ್ದೆಗೆಟ್ಟ ತಂದೆತಾಯಿಯ ನೆನಪಿನ ಶಕ್ತಿಯನ್ನು ನಂಬುವಂತಿಲ್ಲ ಎನ್ನುವುದನ್ನು ಅಂದೇ ಒಪ್ಪಿಕೊಂಡುಬಿಟ್ಟೆ.

ಡಿಗ್ರಿ ಬರೆಯಬೇಕಾದರೆ ಸರಿಯಾಗಿ ಅಳೆಯಬೇಕು. ಅದೂ ಬರುತ್ತಿರಲಿಲ್ಲ ನನಗೆ. ಬೆವರಿದ ಕಂಕುಳಿಗೆ, ಅಂಗಿಯ ಮೇಲೇ, ಥರ್ಮಾಮೀಟರ್ ಸಿಕ್ಕಿಸಿ ಮಗು ಕೊಸರಾಡುತ್ತಿದ್ದಂತೆ ಹೊರಗೆಳೆದು ನೋಡುತ್ತಿದ್ದೆ. ಒಂದು ಸಲ 100, ಮರುನಿಮಿಷ 102. ಈಗ ಕಂಕುಳು ಒರೆಸಿ, ತುದಿಯನ್ನು ಗುಳಿಯ ಒಳಕ್ಕೆ ಚರ್ಮಕ್ಕೆ ತಾಗುವ ಹಾಗಿಟ್ಟು, ತೋಳನ್ನು ಮೈಗೆ ಒತ್ತಿ, ಬೀಪ್ ಅನ್ನುವ ತನಕ ತೊಡೆಯ ಮೇಲೆ ತಬ್ಬಿ ಕೂರುತ್ತೇನೆ. ಹೊದ್ದು ಮಲಗಿದ್ದರೆ ಹೊದಿಕೆ ತೆಗೆದು ಹದಿನೈದು ನಿಮಿಷ ಬಿಟ್ಟು ಅಳೆಯುತ್ತೇನೆ. ಕಂಕುಳಿನ ಅಂಕಿ ಒಳಮೈಯ ಶಾಖಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಸಾಮಾನ್ಯವಾಗಿ 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಜ್ವರ ಎನ್ನುತ್ತಾರೆ. ಅಮ್ಮನ ಅಂಗೈ ಜ್ವರ ಇದೆಯೋ ಇಲ್ಲವೋ ಎನ್ನುವುದನ್ನು ಚೆನ್ನಾಗಿಯೇ ಹೇಳುತ್ತದೆ, ಎಷ್ಟಿದೆ ಎನ್ನುವುದನ್ನು ಹೇಳುವುದಿಲ್ಲ.

ಮೂರು ತಿಂಗಳೊಳಗಿನ ಕೂಸಾದರೆ ಈ ಹಾಳೆ, ಲೆಕ್ಕ ಯಾವುದೂ ಬೇಡ. 100.4 ಕಂಡಿತೆಂದರೆ ರಾತ್ರಿಯೋ ಹಗಲೋ, ಮನೆಯಲ್ಲಿ ಔಷಧಿ ಹಾಕದೆ, ಸೀದಾ ಆಸ್ಪತ್ರೆಗೆ. ಆ ವಯಸ್ಸಿನಲ್ಲಿ ದೊಡ್ಡ ಸೋಂಕಿಗೂ ಜ್ವರವೊಂದನ್ನು ಬಿಟ್ಟು ಬೇರೆ ಗುರುತೇ ಕಾಣದಿರಬಹುದು.

ಮೊದಲ ಜ್ವರದಲ್ಲಿ ಅಮ್ಮನಿಗೂ ನನಗೂ ಹೊದಿಕೆಯ ಜಗಳ. “ಬೆವರು ಬಂದ್ರೆ ಜ್ವರ ಬಿಡುತ್ತೆ ಕಣೋ, ಹೊದಿಸೋ” ಎಂದು ಅವರು. ನಾನು ಅದನ್ನೆಲ್ಲ ಕಿತ್ತು ಹಾಕಿ, ಫ್ರಿಜ್ಜಿನ ನೀರಲ್ಲಿ ಬಟ್ಟೆ ಅದ್ದಿ ಮೈಯೆಲ್ಲ ಒರೆಸುತ್ತಿದ್ದೆ. ಮಗು ಗಡಗಡ ನಡುಗಿ, ತುಟಿ ನೀಲಿಯಾಗಿ, ಕಿರುಚಿ ಅತ್ತಿತು. ಅರ್ಧ ಗಂಟೆ ಬಿಟ್ಟು ನೋಡಿದರೆ 103.4 ಇದ್ದದ್ದು 104. ತಪ್ಪು ಇಬ್ಬರದೂ, ಹೆಚ್ಚಿನದು ನನ್ನದು.

ಜ್ವರ ಹೇಗೆ ಏರುತ್ತದೆ ಎಂದು ಆಮೇಲೆ ತಿಳಿದುಕೊಂಡ ಮೇಲೆ ಇದೆಲ್ಲ ಅರ್ಥವಾಯಿತು. ನಮ್ಮ ಮೈಯ ಶಾಖ ಎಷ್ಟಿರಬೇಕೆಂದು ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್ ಎಂಬ ಪುಟ್ಟ ಭಾಗ ನಿರ್ಧರಿಸುತ್ತದೆ. ಸೋಂಕು ತಗುಲಿದಾಗ ಅದು ಈ ಗುರಿಯನ್ನೇ ಮೇಲಕ್ಕೇರಿಸಿಬಿಡುತ್ತದೆ. ಗುರಿ 103 ಆದ ಮೇಲೆ 99 ಡಿಗ್ರಿಯ ಮೈಗೆ ಚಳಿಯಾಗುತ್ತದೆ. ಚರ್ಮದ ರಕ್ತನಾಳ ಬಿಗಿದು ಕೈಕಾಲು ತಣ್ಣಗಾಗುತ್ತವೆ, ನಡುಕ ಹುಟ್ಟುತ್ತದೆ. ಹೊಟ್ಟೆ ಕೆಂಡ, ಪಾದ ಮಂಜು ಎನ್ನುವ ಹಾಗಿದ್ದರೆ ಜ್ವರ ಇನ್ನೂ ಏರುತ್ತಿದೆ ಎಂದು ನಾನೀಗ ಹಾಳೆಯಲ್ಲಿ ಬರೆಯುತ್ತೇನೆ. ಆಗ ತಣ್ಣೀರು ಹಾಕಿದರೆ ಮೈ ಇನ್ನಷ್ಟು ನಡುಗಿ ಶಾಖ ಹುಟ್ಟಿಸುತ್ತದೆ. ಅಮ್ಮ ಹೇಳಿದ್ದರಲ್ಲೂ ಅರ್ಧ ನಿಜವಿದೆ: ಗುರಿ ಕೆಳಗಿಳಿದಾಗ ಬೆವರು ಬರುತ್ತದೆ. ಆದರೆ ಬಲವಂತವಾಗಿ ಬೆವರಿಸಿದ ಮಾತ್ರಕ್ಕೆ ಗುರಿ ಇಳಿಯುವುದಿಲ್ಲ. ಕೊನೆಗೆ ನಮ್ಮಿಬ್ಬರ ರಾಜಿ ಹೀಗಾಯಿತು: ನಡುಗುವಾಗ ತೆಳ್ಳನೆಯ ಒಂದು ಹೊದಿಕೆ, ಮೈ ಬಿಸಿಯೇರಿ ಮುಖ ಕೆಂಪಾದಾಗ ಅದೂ ಬೇಡ, ಹತ್ತಿಯ ಅಂಗಿಯೊಂದು ಸಾಕು. ಹಣೆಗೆ ಒದ್ದೆ ಬಟ್ಟೆ ಇಟ್ಟರೆ ಮಗುವಿಗೆ ಹಿತವೆನಿಸಿದರೆ ಇಡುತ್ತೇವೆ, ತಳ್ಳಿದರೆ ಬಿಡುತ್ತೇವೆ. ಸ್ಪಿರಿಟ್ ಹಚ್ಚಿ ಒರೆಸುವುದಂತೂ ಕೂಡದು. ಅದು ಚರ್ಮದಿಂದ, ಉಸಿರಿನಿಂದ ಮಗುವಿನ ಒಳಗೆ ಸೇರುತ್ತದೆ.

ಇನ್ನು ಔಷಧಿ. ಹಾಳೆಯಲ್ಲಿ ನಾನು ಅತಿ ಎಚ್ಚರದಿಂದ ತುಂಬುವ ಕಾಲಂ ಇದು. ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ. ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ಗಂಟೆ, 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚಿಲ್ಲ. 10 ಕೆಜಿಯ ಮಗಳಿಗೆ 100ರಿಂದ 150 ಮಿಲಿಗ್ರಾಂ, ಅಂದರೆ ನಮ್ಮ 125ರ ಸಿರಪ್ಪಿನಲ್ಲಿ 5 ಮಿ.ಲೀ. ಸರಿ. ಆದರೆ ಅದೇ ಕಪಾಟಿನಲ್ಲಿ ಅವಳು ಇನ್ನೂ ಚಿಕ್ಕವಳಿದ್ದಾಗ ತಂದಿದ್ದ ಡ್ರಾಪ್ಸ್ ಬಾಟಲಿಯೂ ಇತ್ತು. ಅದರಲ್ಲಿ 1 ಮಿ.ಲೀ.ಗೇ 100 ಮಿಲಿಗ್ರಾಂ. ಕತ್ತಲಲ್ಲಿ ಕೈಗೆ ಅದು ಸಿಕ್ಕಿ, ಅದನ್ನೂ 5 ಮಿ.ಲೀ. ಕುಡಿಸಿದ್ದರೆ? ಒಂದೇ ಗುಟುಕಿಗೆ 500 ಮಿಲಿಗ್ರಾಂ. ಮರುದಿನವೇ ಆ ಬಾಟಲಿಯನ್ನು ಕಪಾಟಿನಿಂದ ಹೊರಹಾಕಿದೆ. ಮನೆಯಲ್ಲಿ ಈಗ ಒಂದೇ ಸಾಂದ್ರತೆಯ ಒಂದೇ ಬಾಟಲಿ, ಜೊತೆಗೆ ಗುರುತುಗಳಿರುವ ಸಿರಿಂಜ್. ಅಡುಗೆಮನೆಯ ಚಮಚ ಒಂದೊಂದೂ ಒಂದೊಂದು ಅಳತೆ. ನೆಗಡಿ ಕೆಮ್ಮಿನ ಕೆಲವು ಸಿರಪ್ಪಿನಲ್ಲೂ ಪ್ಯಾರಾಸಿಟಮಾಲ್ ಬೆರೆತಿರುತ್ತದೆ, ಆ ದಾರಿಯಿಂದಲೂ ಡೋಸ್ ಎರಡಾಗಬಹುದು.

ಐಬುಪ್ರೊಫೆನ್ ಎಂಬ ಇನ್ನೊಂದು ಜ್ವರದ ಔಷಧಿಯೂ ಕೆಲಸ ಮಾಡುತ್ತದೆ, ಆದರೆ ಡಾಕ್ಟರು ಹೇಳದೆ ನಾವು ಮುಟ್ಟುವುದಿಲ್ಲ. ಡೆಂಗಿ ಅನುಮಾನವಿದ್ದರೆ, ಸಿಡುಬಿನಂಥ ಗುಳ್ಳೆ ಎದ್ದಿದ್ದರೆ, ಮಗು ನೀರಿಲ್ಲದೆ ಒಣಗಿದ್ದರೆ ಅದು ಬೇಡ. ಎರಡನ್ನೂ ಸರದಿಯ ಮೇಲೆ ಕೊಡುವವರಿದ್ದಾರೆ. ಒಂದೇ ಔಷಧಿಯ ಲೆಕ್ಕ ತಪ್ಪಿಸಿದ ನಾವು ಎರಡರ ಗೋಜಿಗೆ ಹೋಗಲಿಲ್ಲ. ಆಸ್ಪಿರಿನ್ ಮಕ್ಕಳ ಜ್ವರಕ್ಕೆ ಕೂಡದು. ವೈರಸ್ ಜ್ವರದಲ್ಲಿ ಅದರಿಂದ ರೈ ಸಿಂಡ್ರೋಮ್ ಎಂಬ ಅಪರೂಪದ, ಯಕೃತ್ತು ಮಿದುಳಿಗೆ ಪೆಟ್ಟು ಕೊಡುವ ಕಾಯಿಲೆ ಬರಬಹುದು.

ನಾನು ಬಹಳ ದಿನ ತಪ್ಪು ತಿಳಿದಿದ್ದ ಇನ್ನೊಂದು ಸಂಗತಿ: ಔಷಧಿ ಕೊಟ್ಟರೆ ಜ್ವರ ಪೂರ್ತಿ ಬಿಡಬೇಕು, ಬಿಡದಿದ್ದರೆ ಏನೋ ಎಡವಟ್ಟಾಗಿದೆ. ಹಾಳೆಯ ಅಂಕಿಗಳನ್ನು ನೋಡಿ ನನಗೇ ಸಮಾಧಾನವಾಯಿತು. 103.6 ಇದ್ದದ್ದು ಒಂದೂವರೆ ಗಂಟೆಯಲ್ಲಿ 101.8. ನಾಲ್ಕೈದು ಗಂಟೆ ಕಳೆದು ಮತ್ತೆ 103. ಔಷಧಿಯ ಬಲ ಮುಗಿಯಿತು, ಕಾಯಿಲೆ ಇನ್ನೂ ಮುಗಿದಿಲ್ಲ, ಅಷ್ಟೇ. 101.8 ಇದ್ದಾಗ ‘ಹೇಗಿದೆ’ ಎಂಬ ಕಾಲಂನಲ್ಲಿ ಏನು ಬರೆದಿದ್ದೇನೆಂಬುದು ಮುಖ್ಯ. “ಚೆಂಡು ಕೇಳಿದಳು”, “ಅಣಕಿಸಿದರೆ ನಕ್ಕಳು” ಎಂದಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಜ್ವರ ಇಳಿದಾಗಲೂ ಮಂಕಾಗಿಯೇ ಬಿದ್ದುಕೊಂಡಿದ್ದರೆ ಆ ಹಾಳೆ ಹಿಡಿದುಕೊಂಡೇ ಹೊರಡಬೇಕು. ಈಗ ನಾನು ಅಂಕಿ ಇಳಿಸಲಿಕ್ಕೆಂದು ಔಷಧಿ ಕೊಡುವುದಿಲ್ಲ, ಮಗು ನರಳುತ್ತಿದ್ದರೆ ಕೊಡುತ್ತೇನೆ. ನಿದ್ದೆ ಮಾಡುತ್ತಿರುವ ಮಗುವನ್ನು ಔಷಧಿಗೋಸ್ಕರ ಎಬ್ಬಿಸುವುದನ್ನೂ ಬಿಟ್ಟಿದ್ದೇವೆ.

ಊಟ ಬೇಡವೆಂದರೆ ಒತ್ತಾಯಿಸಲಿಲ್ಲ. ಕುಡಿಸುವುದನ್ನು ಮಾತ್ರ ಬಿಡಲಿಲ್ಲ. ಲೋಟ ಕಂಡರೆ ಮುಖ ತಿರುಗಿಸುತ್ತಿದ್ದವಳಿಗೆ ಸಿರಿಂಜಿನಲ್ಲಿ ಐದೈದು ಮಿ.ಲೀ. ನೀರನ್ನು ಕೆನ್ನೆಯ ಒಳಬದಿಗೆ ಬಿಡುತ್ತಿದ್ದೆ. ಎದೆಹಾಲಂತೂ ಕೇಳಿದಾಗಲೆಲ್ಲ. ವಾಂತಿ ಭೇದಿ ಇದ್ದಾಗ ಓಆರ್‌ಎಸ್. ಡೈಪರ್ ಎತ್ತಿ ತೂಕ ನೋಡುವ ಅಭ್ಯಾಸವೇ ಆಗಿಹೋಯಿತು. ಎಂಟು ಗಂಟೆ ಡೈಪರ್ ಒಣಗಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ನಾಲಿಗೆ ಒಣಗಿದ್ದರೆ, ಕೂಸಿನ ನೆತ್ತಿ ಗುಳಿಬಿದ್ದಿದ್ದರೆ ಮನೆಯಲ್ಲಿ ಕೂರುವ ಕಾಲ ಮುಗಿಯಿತು.

ಮಗಳ ಆ ಜ್ವರಕ್ಕೆ ಮೂರನೇ ದಿನ ಹಾಳೆಯೊಂದಿಗೆ ಡಾಕ್ಟರ ಮುಂದೆ ಕೂತಿದ್ದೆವು. ಕಿವಿ, ಗಂಟಲು, ಎದೆ ಎಲ್ಲ ಸರಿಯಿತ್ತು. ಕಾರಣ ಕಾಣದ ಜ್ವರಕ್ಕೆ ಮೂತ್ರದ ಸೋಂಕು ಇರಬಹುದೆಂದು ಮೂತ್ರ ಪರೀಕ್ಷೆ ಮಾಡಿಸಿದರು, ಅದರಲ್ಲೂ ಏನಿಲ್ಲ. ಆಂಟಿಬಯೋಟಿಕ್ ಬರೆದುಕೊಡಿ ಎಂದು ನಾನೇ ಗೋಗರೆದೆ. ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ, ಕಾಯೋಣ ಎಂದರು. ಬರಿಗೈಯಲ್ಲಿ ವಾಪಸು ಕಳಿಸಿದರೆಂದು ಆಗ ಸಿಟ್ಟು ಬಂದದ್ದು ನಿಜ. ನಾಲ್ಕನೇ ಬೆಳಿಗ್ಗೆ ಜ್ವರ ಪೂರ್ತಿ ಬಿಟ್ಟಿತು. ಮಧ್ಯಾಹ್ನ ಎದೆ, ಬೆನ್ನ ಮೇಲೆ ತಿಳಿಗುಲಾಬಿ ದದ್ದು! ಗಾಜಿನ ಲೋಟವನ್ನು ದದ್ದಿನ ಮೇಲೆ ಒತ್ತಿ ನೋಡಿದೆ, ಬಣ್ಣ ಮಾಯವಾಯಿತು. ಒತ್ತಿದರೂ ಮಾಯವಾಗದ ಕೆಂಪು ಅಥವಾ ನೇರಳೆ ಚುಕ್ಕೆಗಳಿದ್ದರೆ ಅದು ರಕ್ತದ ಸೋಂಕಿನ, ಮಿದುಳಿನ ಪೊರೆಯ ಸೋಂಕಾದ ಮೆನಿಂಜೈಟಿಸ್‌ನ ಗುರುತಾಗಿರಬಹುದು, ಆಗ ಒಂದು ಕ್ಷಣವೂ ತಡಮಾಡುವಂತಿಲ್ಲ. ನಮ್ಮದು ರೋಸಿಯೋಲಾ. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಲ್ಲಿ ಸಾಮಾನ್ಯ. ಮೂರರಿಂದ ಐದು ದಿನ ಜೋರು ಜ್ವರ, ಅದು ಬಿಟ್ಟ ಮೇಲೆ ದದ್ದು, ಅಲ್ಲಿಗೆ ಮುಗಿಯಿತು.

ಮಗನದು ಬೇರೆಯೇ ಕಥೆ. ಅವನಿಗೆ ಒಂದೂವರೆ ವರ್ಷ. ಜ್ವರವಿದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಆಡುತ್ತಿದ್ದವನು ಮಂಕಾದ, ಎತ್ತಿಕೊಂಡೆ. ತೋಳಲ್ಲೇ ಸೆಟೆದುಕೊಂಡ. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ಕೈಕಾಲು ಅದುರತೊಡಗಿದವು, ಬಾಯಲ್ಲಿ ನೊರೆ. ಅಮ್ಮ ಚಮಚ ತಂದು “ಹಲ್ಲಿನ ಮಧ್ಯೆ ಇಡೋ, ನಾಲಿಗೆ ಕಚ್ಕೋತಾನೆ” ಎಂದು ಕೂಗುತ್ತಿದ್ದರು. ಮೊದಲೇ ಓದಿಕೊಂಡಿದ್ದು ಆಗ ಕೈಹಿಡಿಯಿತು. ನೆಲದ ಮೇಲೆ ಮಗ್ಗುಲಾಗಿ ಮಲಗಿಸಿದೆ, ಸುತ್ತಲಿನ ಆಟಿಕೆ ಸರಿಸಿದೆ, ಕುತ್ತಿಗೆಯ ಗುಂಡಿ ಬಿಚ್ಚಿದೆ. ಬಾಯಿಗೆ ಏನೂ ಹಾಕಲಿಲ್ಲ, ನೀರೂ ಇಲ್ಲ, ಔಷಧಿಯೂ ಇಲ್ಲ. ಕೈಕಾಲು ಅದುಮಿ ಹಿಡಿಯಲಿಲ್ಲ. ಹೆಂಡತಿ ಗಡಿಯಾರ ನೋಡಿ ಗೋಡೆಯ ಕ್ಯಾಲೆಂಡರಿನ ಮೇಲೇ ಬರೆದಳು: 4.12. ನಿಂತದ್ದು 4.14ಕ್ಕೆ. ಎರಡೇ ನಿಮಿಷ. ಬರೆದಿಡದಿದ್ದರೆ ನಾನು ಡಾಕ್ಟರಿಗೆ ಕಾಲು ಗಂಟೆ ಎಂದೇ ಹೇಳುತ್ತಿದ್ದೆ.

ಇಂಥ ಸೆಳೆತ ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು. ನಿಂತರೂ ಮೊದಲ ಸಲದ ಸೆಳೆತವಾದರೆ ಅವತ್ತೇ ತೋರಿಸಲೇಬೇಕು, ನಾವೂ ಓಡಿದೆವು. ಆಸ್ಪತ್ರೆಯಲ್ಲಿ ಅಳೆದಾಗ 102.8. ಜ್ವರದ ಸೆಳೆತ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ, ನೂರಕ್ಕೆ ಎರಡರಿಂದ ಐವರಿಗೆ ಬರುತ್ತದೆ, ಇಂಥ ಸಣ್ಣ ಸೆಳೆತದಿಂದ ಮಿದುಳಿಗೆ ಏಟಾಗುವುದಿಲ್ಲ ಎಂದರು. ಒಮ್ಮೆ ಬಂದ ಮೂವರಲ್ಲಿ ಒಬ್ಬರಿಗೆ ಮತ್ತೆ ಬರಬಹುದು. ನಾನು ಕೇಳಿದೆ: ಇನ್ನು ಮೈ ಬೆಚ್ಚಗಾದ ಕೂಡಲೇ ಪ್ಯಾರಾಸಿಟಮಾಲ್ ಹಾಕಿದರೆ ತಪ್ಪಿಸಬಹುದಲ್ಲವೇ? ಇಲ್ಲ, ಅದರಿಂದ ಸೆಳೆತ ತಡೆಯಲಾಗುವುದಿಲ್ಲ ಎಂದರು. ಇದನ್ನು ನಂಬಲು ನನಗೆ ಬಹಳ ಕಾಲ ಬೇಕಾಯಿತು. ಸುಮಾರು ಆರು ತಿಂಗಳು ಅವನ ಪಕ್ಕದಲ್ಲೇ, ಅವನ ಹೊಟ್ಟೆಯ ಮೇಲೆ ಕೈಯಿಟ್ಟೇ ಮಲಗುತ್ತಿದ್ದೆ. ಅದರಿಂದ ಅವನಿಗೆ ಏನೂ ಉಪಯೋಗವಾಗಲಿಲ್ಲ, ನನ್ನ ಬೆನ್ನು ಹಿಡಿದುಕೊಂಡಿತು.

ಹಾಳೆಯ ಹಿಂಬದಿಯಲ್ಲಿ ಹೆಂಡತಿ ಕೆಂಪು ಶಾಯಿಯಲ್ಲಿ ಬರೆದಿಟ್ಟ ಸಾಲುಗಳಿವೆ, ಡಿಗ್ರಿ ಎಷ್ಟೇ ಇರಲಿ ಹೊರಡಬೇಕಾದ ಸಂದರ್ಭಗಳು: ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಕುತ್ತಿಗೆ ಬಗ್ಗಿಸಲಾಗದಿದ್ದರೆ, ಪಕ್ಕೆಲುಬಿನ ಸಂದು ಒಳಗೆಳೆದು ಉಸಿರಾಡುತ್ತಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಜ್ವರ ಐದು ದಿನ ದಾಟಿದರೆ. ವರ್ಷ ದಾಟಿದ ಮಗು ಸುಮ್ಮನೆ ಮಲಗಿದ್ದಾಗ ಒಂದು ನಿಮಿಷಕ್ಕೆ 40 ಅಥವಾ ಹೆಚ್ಚು ಉಸಿರು ಎಳೆದರೂ ಹಾಗೆಯೇ. ಜೋರು ಜ್ವರದಲ್ಲಿ ಉಸಿರು ಸ್ವಲ್ಪ ವೇಗವಾಗುವುದೇ, ಹಾಗಾಗಿ ಜ್ವರ ಇಳಿದಾಗ ಮತ್ತೊಮ್ಮೆ ಎಣಿಸುತ್ತೇವೆ. ಅದರ ಕೆಳಗೆ ಅವಳದೇ ಇನ್ನೊಂದು ಸಾಲು: “ನಿಮಗೆ ಹೊಟ್ಟೆಯಲ್ಲಿ ತಳಮಳ ಶುರುವಾದರೆ ನನ್ನನ್ನು ಎಬ್ಬಿಸಿ, ಒಬ್ಬರೇ ಕೂರಬೇಡಿ.”

ಹೋದ ವಾರ ಮಗನಿಗೆ ಮತ್ತೆ 102. ಹೊಸ ಹಾಳೆ ಅಂಟಿಸಿ ನೆತ್ತಿಯಲ್ಲಿ ತೂಕ ಬರೆಯಲು ಹೋದರೆ, ಹಳೆಯದರಲ್ಲಿ 13 ಕೆಜಿ ಎಂದಿತ್ತು. ತಕ್ಕಡಿಯ ಮೇಲೆ ನಿಲ್ಲಿಸಿದೆ, 15.5. ಜ್ವರದಲ್ಲೇ ನಗುತ್ತ ಕೇಳಿದ: “ಅಪ್ಪಾ, ಜ್ವರಾನೂ ಸೇರಿಸಿ ತೂಕ ಹಾಕಿದ್ಯಾ?” ಹಾಗೇ ಬರೆದುಕೊಂಡೆ. ಗಂಟೆ 7.40, 102, ಸಿರಪ್ ಇನ್ನೂ ಕೊಟ್ಟಿಲ್ಲ, ಮಾತು ಜೋರಾಗಿದೆ.