ಅರ್ಧ ದಿನದ ಉಪವಾಸ, ಸಾಲದ ಕಾಗದ, ನನ್ನ ನಿದ್ದೆ

3 ದಿನ ಪೂರ್ತಿ ಉಪವಾಸ ಪ್ರಾರ್ಥನೆಗೆ ಕೂರದೆ ಸಾಲದಂಥ ಯಾವ ಕಟ್ಟೂ ಬಿಚ್ಚಲ್ಲ ಅಂತ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಮುಖಕ್ಕೇ ಹೇಳಿದ್ದರು. ನಾನು ಮಾಡುತ್ತಿದ್ದದ್ದು ವಾರಕ್ಕೆರಡು ಸಲ, ಮಧ್ಯಾಹ್ನ 3 ಗಂಟೆ ತನಕ. "ಅದು ಉಪವಾಸ ಅಲ್ಲ, ತಿಂಡಿ ತಡ ಮಾಡೋದು" ಅಂತ ಇನ್ನೊಬ್ಬರು ನಕ್ಕರು. ಈಗ ಒಂದೂವರೆ ವರ್ಷ ಆಗಿರಬಹುದು. ಸಾಲ ಪೂರ್ತಿ ತೀರಿಲ್ಲ. ಆದರೆ ನಡುರಾತ್ರಿ ಎದ್ದು ಕೂತು ಬಡ್ಡಿ ಲೆಕ್ಕ ಹಾಕೋ ಕಾಟ ಹೋಗಿದೆ. ನಕ್ಕವರೇ ಈಗ ಹೇಗೆ ಮಾಡೋದು ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಉಪವಾಸ ಯಾಕೆ, ನಂಬಿಕೆ ಅಂದರೇನು ಅಂತೆಲ್ಲ ಹೇಳೋಕೆ ಹೋಗಲ್ಲ. ಉಪವಾಸ, ಚಿಂತೆ, ಬಾಗಿಲು ಮುಚ್ಚಿ ಮಾಡೋ ಪ್ರಾರ್ಥನೆ ಬಗ್ಗೆ ಯೇಸು ಹೇಳಿದ ಮತ್ತಾಯ 6 ನಿಮಗೆ ಬಾಯಿಪಾಠ ಇರುತ್ತೆ.

ಮೊದಲು ಸೋತದ್ದು ಹೇಳುತ್ತೇನೆ. ಪಾಲುದಾರ ಕೈಬಿಟ್ಟು ಹೋದ ಮೇಲೆ ವ್ಯಾಪಾರದ ಸಾಲವೆಲ್ಲ ನನ್ನ ಹೆಗಲಿಗೆ ಬಿತ್ತು. ಅಂಗಡಿ ಮುಚ್ಚಿ ಕೆಲಸಕ್ಕೆ ಸೇರಿದೆ. ಕಂತು ಕಟ್ಟಿದ ಮೇಲೆ ಸಂಬಳದಲ್ಲಿ ಉಳಿಯುತ್ತಿದ್ದದ್ದು ಮೂರನೇ ಒಂದು ಭಾಗವೂ ಅಲ್ಲ. ಆಗ ಬೈಬಲಿನ ರಾಣಿ ಎಸ್ತೇರಳ ಹಾಗೆ 3 ದಿನ ನೀರೂ ಮುಟ್ಟದೆ ಕೂರೋಣ ಅಂತ ಶುರು ಮಾಡಿದೆ. ಎರಡನೇ ದಿನಕ್ಕೇ ತಲೆ ಸಿಡಿಯುತ್ತಿತ್ತು, ಮನೆಯವರ ಮೇಲೆಲ್ಲ ರೇಗಾಡಿದೆ, ಮೊಣಕಾಲೂರಿದರೆ ಕಣ್ಣು ಗಡಿಯಾರದ ಕಡೆಗೇ ಹೋಗುತ್ತಿತ್ತು. ಎಸ್ತೇರಳ ಜೊತೆ ಶೂಷನ್ ಪಟ್ಟಣದ ಯೆಹೂದ್ಯರೆಲ್ಲ ಉಪವಾಸ ಇದ್ದರು. ನಾನು ಒಬ್ಬನೇ. ನೀರು ಬಿಟ್ಟು ಉಪವಾಸ ಮಾಡಿ ಅಂತ ಯಾರಿಗೂ ಹೇಳಲ್ಲ, ದೇಹಕ್ಕೆ ಅದು ಅಪಾಯ.

ಆಮೇಲೆ ಪ್ರವಾದಿ ದಾನಿಯೇಲನ ಹಾಗೆ ಮೂರು ವಾರದ ಉಪವಾಸ. ರುಚಿಯಾದ ಊಟ, ಮಾಂಸ, ದ್ರಾಕ್ಷಾರಸ ಇಲ್ಲ. ಅದು ಮೈಗೆ ಹಿಡಿಸಿತು, ತೂಕ ಸ್ವಲ್ಪ ಇಳಿಯಿತು. ಚಿಂತೆ ಇದ್ದಷ್ಟೇ ಇತ್ತು. ಇದು ತಿನ್ನಬಹುದಾ, ಅದು ತಿನ್ನಬಾರದಾ ಅನ್ನೋದರಲ್ಲೇ ದಿನ ಹೋಗುತ್ತಿತ್ತು.

ದುಡ್ಡು ಕಳೆದದ್ದು ಒಂದು ಉಪವಾಸ ಕೂಟದಲ್ಲಿ. ಸಾಲ ತೀರಬೇಕಾದರೆ "ಬೀಜ ಬಿತ್ತಿ" ಅಂದರು, ಅಂದರೆ ಅವರಿಗೆ ಕಾಣಿಕೆ ಕೊಡಿ ಅಂತ. ಹತ್ತಿರ ಹತ್ತಿರ ಒಂದು ಕಂತಿನಷ್ಟು ಕೊಟ್ಟೆ. ಆ ತಿಂಗಳ ಕಂತು ತಪ್ಪಿತು, ದಂಡ ಬಿತ್ತು, ಮೂರ್ನಾಲ್ಕು ವಾರ ಕಳೆದು ಪ್ರಾರ್ಥನೆಗೆ ಅಂತ ಆ ಕೂಟದವರಿಗೆ ಫೋನ್ ಮಾಡಿದರೆ ಎರಡನೇ ಬೀಜದ ಮಾತು ತೆಗೆದರು. ಫೋನ್ ಇಟ್ಟೆ. ಕೊಡೋದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಾಲದಲ್ಲಿ ಮುಳುಗಿದವನ ಜೇಬಿಗೆ ಕೈ ಹಾಕೋದು ಯೆಶಾಯ 58 ಹೇಳೋ, ಬಂಧನ ಬಿಚ್ಚಿ ಹಸಿದವರಿಗೆ ಹಂಚೋ ಉಪವಾಸ ಅಂತೂ ಅಲ್ಲ, ಅಲ್ವಾ?

ದಾರಿ ಸಿಕ್ಕಿದ್ದು 2 ಅರಸುಗಳು 19ರಲ್ಲಿ. ಅಶ್ಶೂರದ ಅರಸನ ಬೆದರಿಕೆ ಪತ್ರ ಕೈಗೆ ಬಂದಾಗ ಯೆಹೂದದ ಅರಸ ಹಿಜ್ಕೀಯ ಅದನ್ನು ಓದುತ್ತಾನೆ, ದೇವಾಲಯಕ್ಕೆ ಹೋಗುತ್ತಾನೆ, ಕರ್ತನ ಮುಂದೆ ಬಿಚ್ಚಿ ಹರಡುತ್ತಾನೆ. ನನ್ನ ಸಾಲದ ನೋಟಿಸ್‌ಗಳೆಲ್ಲ ಲಕೋಟೆ ಸಮೇತ ಡ್ರಾಯರಿನಲ್ಲಿದ್ದವು. ಅವತ್ತು ಎಲ್ಲವನ್ನೂ ತೆಗೆದು, ಒಡೆದು, ನೆಲದ ಮೇಲೆ ತಾರೀಖಿನ ಪ್ರಕಾರ ಜೋಡಿಸಿದೆ. ಸಾಲು ಕಪಾಟಿನಿಂದ ಮಂಚದ ಕಾಲಿನ ತನಕ ಬಂತು. ಒಂದೊಂದರ ಮೇಲೂ ಕೈಯಿಟ್ಟು, ಮೊತ್ತವನ್ನು ಜೋರಾಗಿ ಓದಿ, "ಕರ್ತನೇ, ಇದು ಇಷ್ಟು" ಅಂದೆ. ಬೇರೆ ಮಾತು ಬರಲಿಲ್ಲ. ಅರ್ಧ ಓದುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು: ಮೂರು ನೋಟಿಸ್ ಬಂದಿದ್ದದ್ದು ಒಂದೇ ಬಾಕಿಗೆ. ಅಷ್ಟು ದಿನ ಅದನ್ನೇ ಮೂರು ಸಲ ಕೂಡಿಸಿಕೊಂಡು ನಿದ್ದೆ ಕೆಡಿಸಿಕೊಂಡಿದ್ದೆ.

ಅಲ್ಲಿಂದ ಬುಧವಾರ, ಶುಕ್ರವಾರ ಅಂತ ಹಿಡಿದೆ. ದಿದಾಖೆ ಅನ್ನೋ ಆದಿಸಭೆಯ ಬೋಧನಾ ಪುಸ್ತಕ ಹೇಳುವುದು ಇವೇ ಎರಡು ದಿನ. 18ನೇ ಶತಮಾನದಲ್ಲಿ ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯೂ ಇವೇ ದಿನಗಳಲ್ಲಿ ಮಧ್ಯಾಹ್ನ 3ರ ತನಕ ಉಪವಾಸ ಇರುತ್ತಿದ್ದರು. ತಿಂಡಿ ತಡ ಅಂದವರಿಗೆ ಇದನ್ನೇ ಹೇಳಿ ಬಾಯಿ ಮುಚ್ಚಿಸಿದ್ದು! ಹಿಂದಿನ ರಾತ್ರಿ ಊಟ ಆದ ಮೇಲೆ ನೀರು ಮಾತ್ರ. ಕಾಫಿ ಜಾಸ್ತಿ ಕುಡಿಯುವವರು ವಾರ ಮುಂಚೆಯೇ ಇಳಿಸುತ್ತಾ ಬನ್ನಿ. ಕೆಫೀನ್ ನಿಂತು ಅರ್ಧ ದಿನಕ್ಕೆ ಶುರುವಾಗೋ ತಲೆನೋವನ್ನು ಸೈತಾನನ ಹೋರಾಟ ಅಂತ ಗದರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ.

ಒಂದು ಉಪವಾಸಕ್ಕೆ ಒಂದೇ ಚಿಂತೆ, ಇದು ಮುಖ್ಯ. ಹಸಿವು ಚುಚ್ಚಿದಾಗೆಲ್ಲ ಅದೊಂದನ್ನೇ ಎರಡು ವಾಕ್ಯದಲ್ಲಿ ಹೇಳಿ ಮತ್ತೆ ಕೆಲಸಕ್ಕೆ ಕೂರೋದು. ಎರಡನೇ ವಾಕ್ಯ ಯಾವಾಗಲೂ ಸ್ತೋತ್ರದ್ದು. ಫಿಲಿಪ್ಪಿ 4:6ರಲ್ಲಿ ಬೇಡಿಕೆಯ ಜೊತೆಗೇ ಕೃತಜ್ಞತೆ ಇದೆ, ಅದನ್ನು ಬಿಟ್ಟರೆ ಕಣ್ಣು ಮುಚ್ಚಿಕೊಂಡು ಚಿಂತೆ ಮಾಡಿದ ಹಾಗೇ ಆಗುತ್ತೆ. ಆ ಎರಡು ವಾಕ್ಯ ಕಟ್ಟೋದರಲ್ಲಿ ನನ್ನದೇ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬಾಗಿಲು ಮುಚ್ಚಿದ ಕೋಣೆಯೊಳಗಿನದ್ದು ಅಲ್ಲೇ ಇರಲಿ.

ಊಟಕ್ಕೆ ಕೂರುವ ಮುಂಚೆ ಇನ್ನೊಂದು ಕೆಲಸ. ಆ ಚಿಂತೆಯಲ್ಲಿ ನನ್ನ ಕೈಲಾಗೋದು ಏನಿದೆಯೋ ಅದನ್ನು ಮಾಡಿ ಮುಗಿಸಬೇಕು. ಯೆರೂಸಲೇಮಿನ ಗೋಡೆ ಮತ್ತೆ ಕಟ್ಟಿಸಿದ ನೆಹೆಮೀಯ ಮೊದಲು ಉಪವಾಸ ಮಾಡಿ ಅತ್ತ, ಆಮೇಲೆ ಅರಸನ ಮುಂದೆ ನಿಂತು ದಾರಿಗೆ ಪತ್ರ, ತೊಲೆಗಳಿಗೆ ಮರ ಎಲ್ಲ ಕೇಳಿದ. ಹಾಗೇ ಒಂದು ಶುಕ್ರವಾರ ಬ್ಯಾಂಕಿಗೆ ಫೋನ್ ಮಾಡಿ ಅವಧಿ ಮುಂದೆ ಹಾಕಿಕೊಡಿ ಅಂದೆ. ಆಗಲ್ಲ ಅಂದರು. ಕೆಲವು ವಾರ ಬಿಡದೆ ಕೇಳಿದ ಮೇಲೆ ಕಂತು ಸುಮಾರು ಕಾಲು ಭಾಗ ಇಳಿಯಿತು. ಒಟ್ಟು ಬಡ್ಡಿ ಜಾಸ್ತಿ ಆಗುತ್ತೆ, ಗೊತ್ತು. ಉಸಿರಾಡೋಕೆ ಜಾಗ ಸಿಕ್ಕಿತಲ್ಲ. "ಅದು ಬ್ಯಾಂಕಿನ ನಿಯಮ, ದೇವರೇನು ಮಾಡಿದ?" ಅಂತ ಒಬ್ಬರು ಕೇಳಿದರು. ಒಂದು ವರ್ಷ ಆ ಫೋನ್ ಎತ್ತೋಕೇ ನನಗೆ ಧೈರ್ಯ ಇರಲಿಲ್ಲ. ಆ ಧೈರ್ಯ ಎಲ್ಲಿಂದ ಬಂತು ಅಂತ ಅವರೇ ಹೇಳಲಿ.

ಬಿಟ್ಟ ಊಟದ ಖರ್ಚನ್ನು ಬೇರೆ ಡಬ್ಬಿಗೆ ಹಾಕುತ್ತೇನೆ. ಎರಡನೇ ಶತಮಾನದ ಕ್ರೈಸ್ತ ಬರಹಗಾರ ಹೆರ್ಮಸನ ಬರಹದಲ್ಲೇ ಈ ಮಾತಿದೆ: ಉಪವಾಸದ ದಿನ ಉಳಿದದ್ದನ್ನು ವಿಧವೆಗೋ ಅನಾಥನಿಗೋ ಕೊಡು ಅಂತ. ನಮ್ಮದು ಚಿಲ್ಲರೆ ದುಡ್ಡು, ಬೀಜ ಅಂತ ಕೊಟ್ಟದ್ದರ ಇಪ್ಪತ್ತನೇ ಒಂದು ಪಾಲು ಇದ್ದರೆ ಹೆಚ್ಚು. ಆದರೆ ಅದು ಯಾರ ಮನೆ ಸೇರುತ್ತೆ ಅಂತ ನನಗೆ ಗೊತ್ತು.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. 1 ಪೇತ್ರ 5:7ರ ಹಾಗೆ ಚಿಂತೆಯನ್ನು ಆತನ ಮೇಲೆ ಹಾಕೋಣ ಅಂತ ಒಂದೊಂದನ್ನೂ ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಸೀಸೆಯಲ್ಲಿಟ್ಟೆ. ಆರು ತಿಂಗಳೋ ಏನೋ ಆದ ಮೇಲೆ ತೆಗೆದು ನೋಡಿದರೆ ಮುಕ್ಕಾಲು ಪಾಲು ನಡೆದೇ ಇರಲಿಲ್ಲ. ನಡೆದವುಗಳಲ್ಲಿ ಒಂದು ನಾನು ಬರೆದದ್ದಕ್ಕಿಂತ ಕೆಟ್ಟದ್ದಾಗಿತ್ತು. ಅಪ್ಪನ ಕಾಯಿಲೆ. ಅದಕ್ಕೂ ಬುಧವಾರ, ಶುಕ್ರವಾರ ಕೂತಿದ್ದೆ, ಬಾಕಿ ಎಲ್ಲಕ್ಕಿಂತ ಜಾಸ್ತಿ ಕೂತಿದ್ದೆ. ಅವರು ಉಳಿಯಲಿಲ್ಲ. ಇದನ್ನು ಬಿಟ್ಟು ಸಾಕ್ಷಿ ಹೇಳಿದರೆ ಅದು ಅರ್ಧ ಸಾಕ್ಷಿ. ಆ ದಿನಗಳಲ್ಲಿ ಉಪವಾಸ ನಿಲ್ಲಿಸಿದೆ. ಪ್ರವಾದಿ ಎಲೀಯ ಸಾಕಪ್ಪಾ ಸಾಕು ಅಂತ ಗಿಡದ ಕೆಳಗೆ ಮಲಗಿದಾಗ ದೂತ ಬಂದು ಉಪದೇಶ ಮಾಡಲಿಲ್ಲ. ಎಬ್ಬಿಸಿ, ರೊಟ್ಟಿ ನೀರು ಕೊಟ್ಟ, ಅದೂ ಎರಡೆರಡು ಸಲ. ನಾನೂ ತಿಂದೆ, ಮಲಗಿದೆ, ಕೀರ್ತನೆ 13ರ "ಎಷ್ಟರವರೆಗೆ" ಅನ್ನೋ ಒಂದು ಮಾತನ್ನೇ ಹೇಳುತ್ತಿದ್ದೆ. ಮತ್ತೆ ಶುರು ಮಾಡೋಕೆ ಒಂದೂವರೆ ತಿಂಗಳಾದರೂ ಬೇಕಾಯಿತು.

ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ದಿನಾ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ. ನನ್ನ ಹೆಂಡತಿಗೆ ಸಕ್ಕರೆ ಇದೆ, ಹಾಗಾಗಿ ಅವಳು ಅದೇ ಹೊತ್ತು ಫೋನ್ ಆಫ್ ಮಾಡಿ ಇಡುತ್ತಾಳೆ, ಕೈ ಅದರ ಕಡೆ ಹೋದಾಗೆಲ್ಲ ಅವಳ ಎರಡು ವಾಕ್ಯ ಹೇಳುತ್ತಾಳೆ. ನನಗಿಂತ ಜಾಸ್ತಿ ಸಲ ಪ್ರಾರ್ಥನೆ ಆಗುತ್ತಂತೆ ಅವಳದ್ದು.